ಕದ್ದ ಲಿಲ್ಲಿಯ ಬಣ್ಣ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಪಕ್ಕ ಕೆಲವು ವಾರಗಳಿಂದ ಒಂದು ಕಾಗದದ ಪೊಟ್ಟಣ ಕೂತಿದೆ. ಒಳಗಿರುವುದು ಟ್ಯೂಲಿಪ್ ಗೆಡ್ಡೆಗಳು. ಫೋನಿನಲ್ಲಿ ಏನೋ ನೋಡುತ್ತಾ ಇನ್ನೇನೋ ಒತ್ತಿ ತರಿಸಿಕೊಂಡದ್ದು. ಪೊಟ್ಟಣದ ಹಿಂಭಾಗದಲ್ಲಿ ಸೂಚನೆ ಇದೆ: ಶರತ್ಕಾಲದಲ್ಲಿ ನೆಡಿ, ವಸಂತದಲ್ಲಿ ಹೂ ನೋಡಿ, ಮೊದಲ ಹಿಮ ಬೀಳುವ ಮುಂಚೆ ಮಣ್ಣಿಗೆ ಸೇರಿಸಿ. ಓದಿ ತಲೆ ಕೆಟ್ಟುಹೋಯಿತು. ಬೆಂಗಳೂರಿನ ವಿಜಯನಗರದಲ್ಲಿ ಶರತ್ಕಾಲ ಎಂದರೆ ಯಾವುದು? ದಸರಾ ಗೊಂಬೆ ಕೂರಿಸುವಾಗ ಇರುವುದೇ? ಹಾಗಿದ್ದರೆ ಆ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಮೊಣಕಾಲುದ್ದ ನೀರು ಯಾಕೆ ನಿಂತಿರುತ್ತದೆ? ನನಗೆ ಗೊತ್ತಿರುವ ಕಾಲಗಳು ಅವರೆಕಾಯಿ ಕಾಲ, ಮಾವಿನಹಣ್ಣಿನ ಕಾಲ, ಪರೀಕ್ಷೆ ಕಾಲ, ಮತ್ತೆ ಯಾರಾದರೊಬ್ಬರು ಬಂದು ರಸ್ತೆ ಅಗೆಯುವ ಕಾಲ. ಇವುಗಳಲ್ಲಿ ಯಾವುದು ಟ್ಯೂಲಿಪ್ಪಿಗೆ ಒಗ್ಗುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿಲ್ಲ.

ಬೆಂಗಳೂರಿನ ಚಳಿ ಈ ಗೆಡ್ಡೆಗಳಿಗೆ ಸಾಲದಂತೆ. ಫ್ರಿಜ್ಜಿನಲ್ಲಿಟ್ಟು ಚಳಿಗಾಲ ಬಂದಿದೆ ಎಂದು ಅವುಗಳನ್ನು ನಂಬಿಸಬೇಕು ಎಂದು ಒಂದು ವಿಡಿಯೋದಲ್ಲಿ ಹೇಳಿದರು. ಗೆಡ್ಡೆಯನ್ನು ನಂಬಿಸುವುದಿರಲಿ, ಈಗ ನಡೆಯುತ್ತಿರುವುದು ಯಾವ ಕಾಲ ಎಂದು ಯಾರಾದರೂ ನನ್ನನ್ನೇ ನಂಬಿಸಿದರೆ ಸಾಕಾಗಿದೆ. ನಮ್ಮನೆಯವರು ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಪೊಟ್ಟಣ ನೋಡಿ, "ಏನ್ ಸುಮಾ, ಹಿಮ ಬಿತ್ತಾ?" ಎಂದು ಕೇಳುತ್ತಾರೆ. ನಾನು ಕಿಟಕಿಯಾಚೆ ನೋಡಿದಂತೆ ಮಾಡಿ "ಇನ್ನೂ ಇಲ್ಲ" ಎನ್ನುತ್ತೇನೆ.

ನಾನು ಕೆಲಸ ಮಾಡುವುದು ಒಂದು ಕಾಲೇಜಿನ ಲೈಬ್ರರಿಯಲ್ಲಿ. ಯಾವ ಪುಸ್ತಕ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಮನೆಗೆ ಬಂದರೆ ಯಾವ ಕುಂಡದಲ್ಲಿ ಏನಿದೆ ಎಂದು ಕಣ್ಣರಳಿಸಿ ನೋಡಿದರೂ ತಿಳಿಯುವುದಿಲ್ಲ. ಇದರಲ್ಲಿ ನನ್ನ ತಪ್ಪು ಅರ್ಧ, ಗೆಡ್ಡೆಗಳದ್ದು ಅರ್ಧ. ಗುಲಾಬಿ ಎಲೆ ಉದುರಿಸಿದರೂ ಮುಳ್ಳು ತೋರಿಸಿಕೊಂಡು ನಿಂತಿರುತ್ತದೆ. ಈ ಗೆಡ್ಡೆ ಜಾತಿಯವು ಹೂ ಬಿಟ್ಟು, ಎಲೆ ಒಣಗಿಸಿಕೊಂಡು, ಮಣ್ಣಿನೊಳಗೆ ಮಲಗಿಬಿಡುತ್ತವೆ. ಮೇಲಿನಿಂದ ನೋಡಿದವರಿಗೆ ಬರೀ ಮಣ್ಣಿನ ಕುಂಡ. ನಮ್ಮ ಮನೆಗೆ ಬಂದ ನೆಂಟರೊಬ್ಬರು "ಇಷ್ಟೊಂದು ಖಾಲಿ ಪಾಟ್ ಯಾಕೆ ಇಟ್ಕೊಂಡಿದೀರಾ?" ಎಂದು ಕೇಳಿ, ಎರಡನ್ನು ತಮ್ಮ ಮನೆಗೆ ಒಯ್ಯಲು ಎತ್ತಿಕೊಂಡೂ ಆಗಿತ್ತು.

ಅಂದ ಹಾಗೆ, ಹೂವಿನ ಗೆಡ್ಡೆಯನ್ನು ಅಂಗಡಿಯಿಂದ ತರಿಸಿದವಳು ನಮ್ಮ ವಂಶದಲ್ಲಿ ನಾನೇ ಮೊದಲು. ನಮ್ಮಮ್ಮನ ಪ್ರಕಾರ ಗೆಡ್ಡೆ ಕದ್ದು ತರಬೇಕಾದ ವಸ್ತು. ಕದ್ದರೆ ಹತ್ತುತ್ತದೆ, ಕೇಳಿ ಇಸಿದುಕೊಂಡರೆ ಕೊಳೆತುಹೋಗುತ್ತದೆ. ಹೀಗೆ ನಂಬಿದವಳು ಅವಳೊಬ್ಬಳೇ ಆಗಿರಲಿಲ್ಲ, ರಾಜಾಜಿನಗರದ ನಮ್ಮ ಇಡೀ ಬೀದಿ ನಂಬಿತ್ತು. ಹಾಗೆಂದು ಯಾರೂ ಕಾಂಪೌಂಡ್ ಹಾರುತ್ತಿರಲಿಲ್ಲ. ಕದಿಯುವುದಕ್ಕೊಂದು ಪದ್ಧತಿ ಇತ್ತು. ಮೊದಲು ಗೇಟಿನ ಹತ್ತಿರ ನಿಂತು ಹೂವನ್ನು ಹೊಗಳಬೇಕು. ಬೇಕು ಎಂದು ಬಾಯಿ ಬಿಡಬಾರದು. ಅರ್ಥವಾದ ಮನೆಯಾಕೆ "ಬನ್ನಿ, ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದು ಒಳಗೆ ಹೋಗಬೇಕು. ಹೋದವಳು ಬೇಗ ಬರಬಾರದು. ಬರುವ ಮುಂಚೆ ಪಾತ್ರೆ ಸದ್ದು ಮಾಡಬೇಕು, ಇಲ್ಲವೇ ಒಳಗಿನಿಂದಲೇ "ಸಕ್ಕರೆ ಎಷ್ಟು?" ಎಂದು ಕೂಗಬೇಕು. ಆಮೇಲೆ ಕೆದಕಿದ ಮಣ್ಣು ಎದುರಿಗೇ ಇದ್ದರೂ ಅವಳ ಕಣ್ಣಿಗೆ ಬೀಳಬಾರದು. ಕಾಫಿ ಕುಡಿದವರು ಕಾಫಿಯನ್ನು ಮಾತ್ರ ಹೊಗಳಿ ಹೊರಡಬೇಕು.

ಆಗಿನ್ನೂ ಚಿಕ್ಕವಳಾಗಿದ್ದ ನನ್ನ ಪಾಲಿನ ಕೆಲಸ ವೈರ್ ಬ್ಯಾಗ್ ಹಿಡಿದುಕೊಂಡು ನಿಲ್ಲುವುದು. ಮೇಲೆ ಬೀನ್ಸು, ಕೊತ್ತಂಬರಿ ಸೊಪ್ಪು. ಅಡಿಯಲ್ಲಿ ಒದ್ದೆ ಮಾಡಿದ ಪೇಪರು ಮತ್ತು ಹಿಡಿ ಮುರಿದ ಸೌಟು. ಒಂದು ಸಲ ಒಬ್ಬರ ಮನೆಯಲ್ಲಿ ಚೆಂಡಿನಂಥ ಕೆಂಪು ಹೂ ಬಿಡುವ ಮೇ ಫ್ಲವರ್ ಗೆಡ್ಡೆ ಕಿತ್ತು ಬ್ಯಾಗಿಗೆ ಹಾಕಿ, ಮಣ್ಣು ಮುಚ್ಚಿ, ಕೈ ಒರೆಸಿಕೊಂಡು ಕೂತಾಯಿತು. ಕಾಫಿ ಬರಲೇ ಇಲ್ಲ. ಆಕೆ ಪಾಪ, ಧಾರಾಳವಾಗಿ ಸಮಯ ಕೊಡುತ್ತಿದ್ದರು. ನನಗೆ ಹಸಿವು. ಅಡುಗೆಮನೆ ಬಾಗಿಲಿಗೇ ಹೋಗಿ, "ಆಂಟಿ, ನಮ್ಮಮ್ಮ ಕಿತ್ತಿದ್ದಾಯ್ತು, ಕಾಫಿ ತಂದ್ಬಿಡಿ" ಎಂದೆ. ಅಮ್ಮ ನನ್ನ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದಳು. ಆ ಗೆಡ್ಡೆ ಚಿಗುರಲೇ ಇಲ್ಲ. ಅದಾದ ಮೇಲೆ ಎಷ್ಟೋ ವರ್ಷ, ನಮ್ಮ ಮನೆಯಲ್ಲಿ ಯಾವ ಗಿಡ ಒಣಗಿದರೂ ಅಮ್ಮ ಒಂದು ಸಲ ನನ್ನ ಕಡೆ ನೋಡುತ್ತಿದ್ದಳು.

ಮದುವೆಯಾಗಿ ವಿಜಯನಗರಕ್ಕೆ ಬಂದ ಮೇಲೆ ಈ ವಿದ್ಯೆಯಲ್ಲಿ ನನಗೆ ಸಿಕ್ಕ ಜೊತೆ ಎದುರುಮನೆಯ ಇಂದಿರಕ್ಕ. ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವರು. ಅವರ ಯಜಮಾನರು ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದವರು. ಬೀದಿಯವರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ಇಂದಿರಕ್ಕನೂ ಹಾಗೇ ಎನ್ನುತ್ತಿದ್ದರು. ಅವರ ಅಂಗಳದ ನಲ್ಲಿಯ ಪಕ್ಕ ಒಂದು ಲಿಲ್ಲಿ ಇತ್ತು. ಲಿಲ್ಲಿ ಎಂದರೆ ನೀವು ನೋಡಿಯೇ ಇರುತ್ತೀರಿ, ಬೆಂಗಳೂರಿನ ಹಳೇ ಮನೆಗಳ ಗೇಟಿನ ಹತ್ತಿರ ಬೇಸಿಗೆ ಶುರುವಾಗುವ ಹೊತ್ತಿಗೆ ದಪ್ಪ ದಂಟಿನ ಮೇಲೆ ಎರಡು ಮೂರು ದೊಡ್ಡ ಹೂ ಬಿಟ್ಟು ನಿಲ್ಲುತ್ತದಲ್ಲ, ಅದು. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದು ಕೆಂಪು. ಇಂದಿರಕ್ಕನ ಮನೆಯದು ಮಾತ್ರ ಹಾಲಿನಷ್ಟು ಬಿಳಿ, ಒಳಗೆ ಬುಡದಲ್ಲಿ ಸ್ವಲ್ಪ ಹಸಿರು. ನಾನು ಗೇಟಿನಲ್ಲಿ ನಿಂತು ಹೊಗಳಿದೆ. ಅವರು ಒಳಗೆ ಹೋದರು. ಅವತ್ತು ಅವರು ಕಾಫಿ ತರಲು ಎಷ್ಟು ಹೊತ್ತು ತೆಗೆದುಕೊಂಡರೆಂದರೆ, ಹಸುವನ್ನೇ ಹುಡುಕಿಕೊಂಡು ಹೋಗಿದ್ದಾರೇನೋ ಅನ್ನಿಸಿತು. ನನಗೆ ಒಂದು ಮರಿಗೆಡ್ಡೆ ಸಿಕ್ಕಿತು. ಇಬ್ಬರೂ ಅದರ ಬಗ್ಗೆ ಎಂದೂ ಮಾತಾಡಲಿಲ್ಲ.

ಆಮೇಲೆ ನನ್ನ ಕುಂಡಗಳು ಹೆಚ್ಚಾದವು. ಅಲ್ಲಿ ಇಲ್ಲಿ ಕದ್ದ ಕೆಂಪು ಲಿಲ್ಲಿಗಳೆಲ್ಲ ಮರಿ ಹಾಕಿ ಮನೆ ಮುಂದಿನ ಮೆಟ್ಟಿಲ ಪಕ್ಕದ ಜಾಗವೆಲ್ಲ ತುಂಬಿತು, ಬಿಳಿಯದು ಮಾತ್ರ ಒಂಟಿ ಗೆಡ್ಡೆಯಾಗಿಯೇ ಉಳಿಯಿತು. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ನನಗೆ ಶಿಸ್ತಿನ ಹುಚ್ಚು ಹಿಡಿಯಿತು. ಎಲ್ಲ ಗೆಡ್ಡೆಗಳನ್ನೂ ಕಿತ್ತು, ಒಣಗಿಸಿ, ಹೊಸ ಮಣ್ಣು ಹಾಕಿ ನೆಡಬೇಕು ಎಂದು ಮತ್ತೊಂದು ವಿಡಿಯೋದಲ್ಲಿ ಹೇಳಿದ್ದರು. ತಾರಸಿಯ ಮೇಲೆ ಪೇಪರು ಹಾಸಿ ಒಂದೊಂದನ್ನೂ ಸಾಲಾಗಿ ಇಟ್ಟು, ಪ್ರತಿಯೊಂದರ ಕೆಳಗೂ ಯಾವುದು ಏನು ಎಂದು ಚೀಟಿ ಬರೆದಿಟ್ಟೆ. ಲೈಬ್ರರಿಯವಳು ತಾನೇ. ಮಧ್ಯಾಹ್ನ ನಾನು ಕಾಲೇಜಿನಲ್ಲಿದ್ದಾಗ ಇದ್ದಕ್ಕಿದ್ದಂತೆ ಮಳೆ ಬಂತು. ಮನೆಯಲ್ಲಿದ್ದ ನಮ್ಮನೆಯವರು ಓಡಿಹೋಗಿ ಎಲ್ಲ ಗೆಡ್ಡೆಗಳನ್ನೂ ಒಂದೇ ಬಕೆಟ್ಟಿಗೆ ಸುರಿದು ಕೆಳಗೆ ತಂದರು. ಸಂಜೆ ನಾನು ಬಂದ ಕೂಡಲೇ ಬಕೆಟ್ ತೋರಿಸಿ, "ಒಂದೂ ನೆನೆದಿಲ್ಲ ನೋಡು" ಎಂದರು. ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ಬೈಯಲು ಬಾಯಿ ಬರಲಿಲ್ಲ. ಮೆತ್ತಗಾಗಿದ್ದ ಕೆಲವನ್ನು ಎಸೆದು, ಉಳಿದವನ್ನು ಕೈಗೆ ಬಂದಂತೆ ನೆಟ್ಟೆ. ಹೂ ಬಿಟ್ಟಾಗ ಗೊತ್ತಾಗುತ್ತದೆ, ಏನು ಅವಸರ ಎಂದುಕೊಂಡೆ.

ಅದೇ ಚಳಿಗಾಲದಲ್ಲಿ ಇಂದಿರಕ್ಕ ಮೈಸೂರಿಗೆ ತಂಗಿಯ ಮನೆಗೆ ಹೋಗಿದ್ದರು. ಮೇಷ್ಟ್ರು ತೀರಿಕೊಂಡು ಕೆಲವು ವರ್ಷಗಳಾಗಿತ್ತು. ಮಗ ಪ್ರಸನ್ನ ಅಮ್ಮ ಬರುವುದರೊಳಗೆ ಮಾಡಿ ಮುಗಿಸಬೇಕೆಂದು ಅಂಗಳಕ್ಕೆಲ್ಲ ಪಾರ್ಕಿಂಗ್ ಟೈಲ್ಸ್ ಹಾಕಿಸಿದ. ಕಾರು ನಿಲ್ಲಿಸಲು ಜಾಗ ಬೇಕಿತ್ತು ನಿಜ, ಆದರೆ ಅಮ್ಮ ಹಿಂದಿನ ಮಳೆಗಾಲದಲ್ಲಿ ಅದೇ ಕೆಸರಿನಲ್ಲಿ ಜಾರಿದ್ದರು ಎಂಬುದೇ ಅವನಿಗೆ ಮುಖ್ಯವಾಗಿತ್ತು. ಲಿಲ್ಲಿ ಆಗ ಎಲೆಯೆಲ್ಲ ಒಣಗಿಸಿಕೊಂಡು ಮಲಗಿತ್ತು. ನಲ್ಲಿಯ ಪಕ್ಕ ಕೆಲಸದವರಿಗೆ ಕಂಡದ್ದು ಬರೀ ಮಣ್ಣು, ಪ್ರಸನ್ನನಿಗೂ ಅಷ್ಟೇ. ಅಷ್ಟೇಕೆ, ನಾನೇ ಗೇಟಿನಲ್ಲಿ ನಿಂತು ಟೈಲ್ಸ್ ಚೆನ್ನಾಗಿದೆ ಎಂದು ಹೇಳಿಬಂದಿದ್ದೆ. ಅಗೆದ ಮಣ್ಣೆಲ್ಲ ಟ್ರ್ಯಾಕ್ಟರಿನಲ್ಲಿ ಎಲ್ಲಿಗೋ ಹೋಯಿತು.

ಇಂದಿರಕ್ಕ ವಾಪಸ್ಸು ಬಂದಾಗ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಗೇಟು ತೆಗೆದು ಒಳಗೆ ಕಾಲಿಟ್ಟವರು ಬ್ಯಾಗು ಹಿಡಿದುಕೊಂಡೇ ನಲ್ಲಿಯ ಕಡೆ ನೋಡುತ್ತಾ ನಿಂತರು. ಪ್ರಸನ್ನ "ಹೇಗಿದೆಯಮ್ಮ?" ಎಂದ. "ಚೆನ್ನಾಗಿದೆ ಕಣೋ, ನೀಟಾಗಿದೆ" ಎಂದರು. ಆಗ ನನಗೆ ಲಿಲ್ಲಿ ನೆನಪಾಯಿತು.

ಮೂರು ನಾಲ್ಕು ದಿನ ಬಿಟ್ಟು ಅವರು ನಮ್ಮ ಮನೆಗೆ ಬಂದರು. ಮೆಟ್ಟಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, "ನಿಮ್ಮನೇಲಿ ಬಿಸಿಲು ಚೆನ್ನಾಗಿ ಬೀಳತ್ತೆ ಸುಮಾ. ಪಾಟೆಲ್ಲ ಎಷ್ಟ್ ಚೆನ್ನಾಗಿಟ್ಟಿದೀಯ" ಎಂದರು. ಕುಂಡಗಳಲ್ಲಿ ಆಗ ಒಂದು ಎಲೆಯೂ ಇರಲಿಲ್ಲ. ಬರೀ ಮಣ್ಣನ್ನು ಹೊಗಳುತ್ತಿದ್ದರು. ನನಗೆ ಅರ್ಥವಾಯಿತು. "ಕೂತ್ಕೊಳ್ಳಿ ಅಕ್ಕ, ಕಾಫಿ ತರ್ತೀನಿ" ಎಂದು ಒಳಗೆ ಓಡಿದೆ.

ಹಾಲು ಇಟ್ಟ ಮೇಲೆ ಗಾಬರಿ ಶುರುವಾಯಿತು. ಅವರು ಕೀಳುವುದಾದರೂ ಯಾವುದನ್ನು? ಬಿಳಿಯದು ಯಾವ ಕುಂಡದಲ್ಲಿದೆ ಎಂದು ನನಗೇ ಗೊತ್ತಿಲ್ಲ. ಹೇಳೋಣವೆಂದರೆ ಹೇಳಲು ಏನೂ ಇಲ್ಲ; ಇದ್ದರೂ ಹೇಳಿದರೆ ಕೊಟ್ಟ ಹಾಗಾಗುತ್ತದೆ, ಕೊಟ್ಟರೆ ಹತ್ತುವುದಿಲ್ಲ. ಇದನ್ನೆಲ್ಲ ನಾನು ನಂಬುತ್ತೇನೆಯೇ? ನಂಬುವುದಿಲ್ಲ. ಆದರೆ ಇರುವುದೊಂದೇ ಗೆಡ್ಡೆ, ಅದು ಹೋದರೆ ಬಿಳಿಯದು ಪೂರ್ತಿ ಹೋದಂತೆ ಎಂದಾಗ ನಂಬದೆ ಇರುವುದಕ್ಕೂ ಧೈರ್ಯ ಬೇಕು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಇಂದಿರಕ್ಕ ಎದ್ದು ಒಂದೊಂದೇ ಕುಂಡದ ಮುಂದೆ ಬಗ್ಗಿ, ಮಣ್ಣು ಮುಟ್ಟಿ, ಮುಂದಿನದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬರುತ್ತಿದ್ದರು. ಹಾಲು ಉಕ್ಕಿತು. ಒಲೆ ಒರೆಸಿ ಮತ್ತೆ ಹಾಲಿಟ್ಟೆ. ಪಾತ್ರೆ ಸದ್ದು ಮಾಡಿದೆ. ಸಕ್ಕರೆ ಎಷ್ಟು ಎಂದು ಕೂಗಿದೆ. ಹೊರಗೆ ಬಂದಾಗ ಅವರು ಬರಿಗೈಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು.

ಇದು ಮತ್ತೆರಡು ಸಲ ನಡೆಯಿತು. ನಮ್ಮನೆಯವರಿಗೆ ತಡೆಯಲಾಗಲಿಲ್ಲ. "ಇಬ್ಬರೂ ಬಾಯ್ಬಿಟ್ಟು ಮಾತಾಡಿ ಮುಗಿಸ್ಬಾರ್ದಾ? ಹೀಗೇ ಆದ್ರೆ ಇಬ್ಬರಿಗೂ ಅಸಿಡಿಟಿ ಬರತ್ತೆ" ಎಂದರು.

ನಾಲ್ಕನೇ ಸಲ ಇಂದಿರಕ್ಕನೇ ಮಾತು ತೆಗೆದರು. "ಬಿಳೀದು ಯಾವುದ್ರಲ್ಲಿದೆ ಅಂತ ನಿಂಗೂ ಗೊತ್ತಿಲ್ಲ ಅಲ್ವಾ?"

"ಇಲ್ಲ ಅಕ್ಕ. ಎಲ್ಲ ಕಲಸಿಹೋಗಿದೆ. ನರ್ಸರಿಲಿ ಬಿಳೀದು ಸಿಗತ್ತಂತೆ, ತಂದ್ಕೊಡ್ಲಾ?"

"ಅದು ಬೇರೆ ಕಣೇ" ಎಂದರು. ಕುರ್ಚಿ ಹತ್ತಿರಕ್ಕೆಳೆದುಕೊಂಡು ಹೇಳಿದರು: "ಅದನ್ನ ನಾನು ನಮ್ಮ ಮೇಷ್ಟ್ರು ಸೇರ್ಕೊಂಡು ಕದ್ದಿದ್ದು."

ಮೇಷ್ಟ್ರು ಕದ್ದರು ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಜೇಬಿನಲ್ಲಿ ಮರೆತು ತಂದ ಸೀಮೆಸುಣ್ಣದ ಚೂರನ್ನು ಮಾರನೇ ದಿನ ಶಾಲೆಗೆ ವಾಪಸ್ಸು ಒಯ್ಯುತ್ತಿದ್ದ ಮನುಷ್ಯ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಇಬ್ಬರೂ ತಿರುಗಾಡಲು ಹೋಗಿದ್ದರಂತೆ. ದೊಡ್ಡ ಬಂಗಲೆಯೊಂದರ ಬೇಲಿಯ ಹತ್ತಿರ ಲಿಲ್ಲಿಗಳ ಸಾಲು. ಮೇಷ್ಟ್ರು ನಿಂತು ನೋಡಿದರು. ಬೇಕಾ ಎಂದು ಇಂದಿರಕ್ಕ ಕೇಳಿದರೆ ಆ ಕಡೆ ಈ ಕಡೆ ನೋಡಿ ತಲೆಯಾಡಿಸಿದರಂತೆ. ಇವರು ಬೇಲಿಯೊಳಗೆ ಕೈ ಹಾಕಿದರು, ಅವರು ಕಾವಲಿಗೆ ನಿಂತರು. ಅಷ್ಟರಲ್ಲಿ ನಾಯಿ ಬೊಗಳಿತು.

"ಮನೆವರೆಗೂ ಓಡಿದೀವಿ ಕಣೇ" ಎಂದು ಇಂದಿರಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. "ನಮ್ಮ ಮೇಷ್ಟ್ರು ಪಂಚೆ ಎತ್ಕೊಂಡು ಓಡೋದು! ಬಾಗ್ಲು ಹಾಕ್ಕೊಂಡು ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅವರು ಹಾಗ್ ನಕ್ಕಿದ್ದು ನಾನು ಮತ್ತೆ ನೋಡ್ಲಿಲ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಈಗ ಅವರನ್ನ ನೆನೆಸ್ಕೊಂಡ್ರೆ ನಂಗೆ ಬರೀ ಆಸ್ಪತ್ರೆ ಮಂಚ ಕಣ್ಮುಂದೆ ಬರತ್ತೆ ಸುಮಾ. ಎಷ್ಟ್ ಪ್ರಯತ್ನ ಪಟ್ರೂ ಅದೇ ಬರತ್ತೆ. ಆ ಹೂ ಬಿಟ್ಟಾಗ ಒಂದ್ ವಾರ ಮಾತ್ರ ಓಡಿದ್ ಮೇಷ್ಟ್ರು ಬರ್ತಾರೆ."

ಕುಂಡಗಳನ್ನೆಲ್ಲ ಒಯ್ದುಬಿಡಿ ಎಂದೆ. ಈಗ ಅಲುಗಾಡಿಸುವುದು ಬೇಡ, ಇರುವ ಕಡೆಯೇ ಹೂ ಬಿಡಲಿ, ಆಮೇಲೆ ನೋಡೋಣ ಎಂದರು.

ಹಾಗೆ ಕಾಯುವುದಕ್ಕೆ ಶುರುಮಾಡಿದೆವು. ಚಿಗುರು ಬಂತು. ಬಿಳಿ ಹೂವಿನದರ ಎಲೆ ತಿಳಿ ಹಸಿರು, ಕೆಂಪಿನದರ ಬುಡದಲ್ಲಿ ಸ್ವಲ್ಪ ಕೆಂಪು ಇರುತ್ತದೆ ಎಂದು ಎಲ್ಲೋ ಓದಿ ಕನ್ನಡಕ ಹಾಕಿಕೊಂಡು ಕೂತೆ. ಬೆಳಗಿನ ಬೆಳಕಿನಲ್ಲಿ ಎಲ್ಲವೂ ತಿಳಿ ಹಸಿರು, ಸಂಜೆ ಬೆಳಕಿನಲ್ಲಿ ಎಲ್ಲದರ ಬುಡವೂ ಕೆಂಪು. ಮೊದಲ ಹೂ ಅರಳಿತು, ಕೆಂಪು. ಪರವಾಗಿಲ್ಲ ಎಂದರು ಇಂದಿರಕ್ಕ. ಎರಡನೆಯದು ಕೆಂಪು. ಆಮೇಲೆ ಒಂದೇ ವಾರದಲ್ಲಿ ಸಾಲಾಗಿ ಕೆಂಪು, ಕೆಂಪು, ಕೆಂಪು. ದಾರಿಯಲ್ಲಿ ಹೋಗುವವರು ನಿಂತು, ಏನು ಚೆನ್ನಾಗಿ ಹೂ ಬಿಟ್ಟಿದೆ ಎನ್ನುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಪ್ರಸನ್ನ ಆಫೀಸಿಗೆ ಹೊರಡುವಾಗ ಕಾರಿನ ಗಾಜು ಇಳಿಸಿ "ಬಂತಾ ಆಂಟಿ?" ಎಂದು ಕೇಳುವನು. ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನು ಇಲ್ಲ ಎಂದರೆ ತಲೆ ತಗ್ಗಿಸಿ ಗಾಜು ಏರಿಸುವನು.

ಈ ನಡುವೆ ಇನ್ನೊಂದು ಗೊಂದಲ. "ನಮ್ಮನೇಲಿ ಬಿಳಿ ಹೂ ಯಾವತ್ತು ಬಿಟ್ಟಿತ್ತು?" ಎಂದು ನಮ್ಮನೆಯವರು ಕೇಳಿದರು. ಪ್ರತಿವರ್ಷ ಬಿಡುತ್ತಿತ್ತಲ್ಲ ಎಂದೆ. ತಾವು ಒಂದು ಸಲವೂ ನೋಡಿಲ್ಲ ಎಂದರು. ನನಗೆ ಚೆನ್ನಾಗಿ ನೆನಪಿದೆ, ಕಿಟಕಿಯ ಸರಳಿನಾಚೆ ಬಿಳಿ ಹೂ. ಆದರೆ ನಮ್ಮ ಕಿಟಕಿಯಿಂದ ಕಾಣುವುದು ನಮ್ಮ ಕುಂಡಗಳು ಮಾತ್ರವಲ್ಲ, ಇಂದಿರಕ್ಕನ ಅಂಗಳವೂ ಕಾಣುತ್ತದೆ. ನಾನು ವರ್ಷ ವರ್ಷ ನೋಡಿ ಖುಷಿಪಟ್ಟದ್ದು ನನ್ನ ಹೂವನ್ನೋ, ಅವರದನ್ನೋ? ಎಷ್ಟು ಯೋಚಿಸಿದರೂ ಹೂ ನೆನಪಾಗುತ್ತದೆ, ಅದರ ಕೆಳಗಿದ್ದದ್ದು ಕುಂಡವೋ ನೆಲವೋ ನೆನಪಾಗುವುದಿಲ್ಲ. ನಾನು ಅವತ್ತು ಒಯ್ದದ್ದು ಬಿಳಿಯದೇ ತಾನೇ ಎಂದು ಇಂದಿರಕ್ಕನನ್ನು ಕೇಳಿದೆ.

"ನೀನು ಕಿತ್ತಿದ್ದು ಬಿಳೀದನ್ನೇ. ನಾನು ಒಳಗಿಂದ ನೋಡ್ತಿದ್ನಲ್ಲ" ಎಂದರು. ಹಾಗೆ ಒಳಗಿನಿಂದ ನೋಡುವುದು ಪದ್ಧತಿಗೆ ವಿರುದ್ಧ. ಆದರೆ ಅವರು ನೋಡಿದ್ದಾರಲ್ಲ ಎಂದು ನನಗೆ ಜೀವ ಬಂತು.

ಕೊನೆಗೆ ಉಳಿದದ್ದು ಒಂದೇ ಕುಂಡ. ಅದರ ದಂಟು ತಡವಾಗಿ ಎದ್ದಿತ್ತು. ಮೊಗ್ಗು ಹಸಿರಾಗಿ, ಬಿಗಿಯಾಗಿ ಮುಚ್ಚಿಕೊಂಡಿತ್ತು. ಇಂದಿರಕ್ಕ ಬೆಳಿಗ್ಗೆ ಸಂಜೆ ಬಂದು ನೋಡಿಹೋಗುತ್ತಿದ್ದರು. ಮೊಗ್ಗಿನ ತುದಿ ಬಿರಿಯುವ ಹಾಗೆ ಕಂಡ ದಿನ ಅವರು ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಹೂ ಅರಳಿತ್ತು.

ಕೆಂಪು.

ನನಗೆ ಅಳು ಬಂತು. ಬೀದಿಯ ಬಾಗಿಲಲ್ಲಿ ನಿಂತು, ಇಷ್ಟು ವಯಸ್ಸಾದ ಹೆಂಗಸು, ಒಂದು ಹೂ ನೋಡಿ ಅತ್ತೆ. ನಾನೇ ಎಸೆದ ಮೆತ್ತನೆಯ ಗೆಡ್ಡೆಗಳಲ್ಲಿ ಅದೂ ಇತ್ತೇ, ಇಲ್ಲಾ ಹಿಂದೆಂದೋ ಹೋಗಿಬಿಟ್ಟಿತ್ತೇ, ಏನೂ ತಿಳಿಯಲಿಲ್ಲ. ನಮ್ಮನೆಯವರು ಪಕ್ಕಕ್ಕೆ ಬಂದು ನಿಂತರು. ತಮಾಷೆ ಮಾಡಲಿಲ್ಲ. "ಹೋಗಿ ಹೇಳ್ಬಿಟ್ಟು ಬಾ" ಎಂದರು.

ಇಂದಿರಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪ್ರಸನ್ನ ಕಾರು ಒರೆಸುತ್ತಿದ್ದ. ನನ್ನನ್ನು ನೋಡಿದ್ದೇ ಒರೆಸುವುದನ್ನು ನಿಲ್ಲಿಸಿದ.

"ಕೆಂಪು ತಾನೇ?" ಎಂದರು ಇಂದಿರಕ್ಕ.

"ಹೂಂ ಅಕ್ಕ."

ಒಂದು ಬೀಜ ತೆಗೆದು ತಟ್ಟೆಗೆ ಹಾಕಿದರು. ಆಮೇಲೆ ಮಗನ ಕಡೆ ಒಮ್ಮೆ ನೋಡಿ, ಸ್ವಲ್ಪ ಜೋರಾಗಿಯೇ ಹೇಳಿದರು: "ಅವತ್ತು ಮೇಷ್ಟ್ರಿಗೆ ಬೇಕಾಗಿದ್ದೂ ಕೆಂಪೇ ಕಣೇ. ಬೇಲಿಯಾಚೆ ಕೆಂಪು ಹೂ ನೋಡಿನೇ ಅವರು ನಿಂತಿದ್ದು. ನಾನು ಮಬ್ಬಲ್ಲಿ ಕೈ ಹಾಕಿ ಯಾವ್ದೋ ಕಿತ್ಕೊಂಡ್ ಬಂದೆ, ಬಿಳಿ ಬಂತು. 'ನಾನು ತೋರ್ಸಿದ್ದು ಕೆಂಪು' ಅಂತ ಪ್ರತಿ ವರ್ಷ ಒಂದ್ ಸಲ ಅನ್ನೋರು. ಈಗ ಬಂತಲ್ಲ, ಒಳ್ಳೇದೇ ಆಯ್ತು. ಆ ಪಾಟ್ ನಂಗೆ ಕೊಟ್ಬಿಡು. ಇಲ್ಲೇ ಇಟ್ಕೊತೀನಿ."

ಇಷ್ಟು ವರ್ಷಗಳಲ್ಲಿ ಅವರು ಬಾಯಿಬಿಟ್ಟು ಗಿಡ ಕೇಳಿದ್ದು ಅದೇ ಮೊದಲು. ನಾನು ಹೋಗಿ ಕುಂಡ ತಂದೆ. ಪ್ರಸನ್ನ ಓಡಿಬಂದು ನನ್ನ ಕೈಯಿಂದ ಇಸಿದುಕೊಂಡು, ನಲ್ಲಿಯ ಪಕ್ಕ ಟೈಲ್ಸಿನ ಮೇಲಿಟ್ಟು, ಹೂ ಅಮ್ಮನ ಕಡೆ ತಿರುಗುವಂತೆ ಸರಿಮಾಡಿದ. "ಚೆನ್ನಾಗಿದೆ ಅಲ್ವಾಮ್ಮ?" ಎಂದ. "ತುಂಬಾ ಚೆನ್ನಾಗಿದೆ ಕಣೋ. ಹೊರಡು, ಲೇಟಾಯ್ತು" ಎಂದರು ಇಂದಿರಕ್ಕ. ಎಷ್ಟೋ ವಾರಗಳ ಮೇಲೆ ಅವನ ಮುಖ ಹಗುರವಾದದ್ದು ನೋಡಿದೆ. ಕಾರು ಹೊರಗೆ ತೆಗೆದು, ನನಗೂ ಕೈಬೀಸಿ ಹೋದ.

ನಾನು ಗೇಟು ಮುಚ್ಚಿ ಬಂದು ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಇಂದಿರಕ್ಕ ಆ ಕಡೆಯೇ ನೋಡುತ್ತಿದ್ದರು. ಆಮೇಲೆ ಕೈಯಲ್ಲಿದ್ದ ಹುಣಸೆಹಣ್ಣನ್ನು ತಟ್ಟೆಯಲ್ಲಿಟ್ಟರು.

"ನಂಗೆ ಬಿಳೀದೇ ಬೇಕಾಗಿತ್ತು ಸುಮಾ" ಎಂದರು.